ಏಡಿ ಮಾವನ ಮೂರನೇ ಸಾಲು

ಹ್ಯಾಲೋವೀನ್ ದಿನ ಮಧ್ಯಾಹ್ನ ಎರಡಕ್ಕೆ ಮ್ಯೂಸಿಯಂ ಬಾಗಿಲು ತೆರೆಯಬೇಕಿತ್ತು. ಒಂದೂವರೆಗೆ ಗಿಲಿಯನ್ ಬಂದು ನನ್ನನ್ನು ಯೂನಾಳ ಕುರ್ಚಿಯಲ್ಲಿ ಕೂರಿಸಿದಳು.

"ನೀವು ಏನೂ ಮಾಡ್ಬೇಕಾಗಿಲ್ಲ ಹೆಕ್ಟರ್. ಮಕ್ಕಳು ಬರ್ತಾರೆ, ಒಂದೊಂದು ಚೀಲ ಕೊಟ್ರಾಯ್ತು. ಸುಸ್ತಾದ್ರೆ ಹೇಳಿ, ನಾನು ಕೂತ್ಕೋತೀನಿ."

"ಸುಸ್ತಾಗಲ್ಲ," ಅಂದೆ.

ಗಿಲಿಯನ್ ನಮ್ಮ ಮ್ಯೂಸಿಯಂ ನೋಡಿಕೊಳ್ಳುವವಳು. ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವಳು, ಒಳ್ಳೆಯವಳು. ಮಾರ್ಚಿ ತಿಂಗಳಲ್ಲಿ ನನ್ನ ಹೆಂಡತಿ ಯೂನಾ ತೀರಿಕೊಂಡ ಮೇಲೆ ಅವಳು ನನ್ನಿಂದ ಯಾವ ಕೆಲಸವನ್ನೂ ಕೇಳಿ ಮಾಡಿಸಿಕೊಂಡಿಲ್ಲ. ಮೊದಲೆಲ್ಲ ಪ್ರದರ್ಶನದ ವಸ್ತುಗಳ ಪಕ್ಕ ಇಡುವ ವಿವರದ ಚೀಟಿಗಳನ್ನು ಬರೆಯುವುದು ನನ್ನ ಕೆಲಸವಾಗಿತ್ತು. ಮೀನಿಗೆ ಹೊಗೆ ಹಾಕಿ ಒಣಗಿಸುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದು, ಮಂಗಳವಾರ ಸಂಜೆಯ ತರಗತಿಗಳಲ್ಲಿ ಊರಿನ ಇತಿಹಾಸ ಕಲಿತು, ಆಮೇಲೆ ಈ ಕೆಲಸಕ್ಕೆ ಸೇರಿದವನು ನಾನು, ಹೆಕ್ಟರ್ ಫ್ಲೆಟ್. ಒಂದು ಚೀಟಿ ಬರೆದರೆ ನಾಲ್ಕು ಸಲ ತಿದ್ದುತ್ತಿದ್ದೆ. ಆಮೇಲೂ ಅದರಲ್ಲಿ ತಪ್ಪಿದೆ ಅನ್ನಿಸುತ್ತಿತ್ತು. ಈಗ ಗಿಲಿಯನ್ ತಾನೇ ಬರೆಯುತ್ತಾಳೆ. ನಾನು ಕಿಟಕಿಯ ಹತ್ತಿರ ಕೂತಿರುತ್ತೇನೆ. ಸಂಜೆಯಾದರೆ ಮನೆಗೆ ಹೋಗುತ್ತೇನೆ.

ಊರಿನವರೂ ಹಾಗೇ. ಯೂನಾ ಹೋದ ವಾರ ನನ್ನ ಬಾಗಿಲಲ್ಲಿ ಒಂಬತ್ತು ಪಾತ್ರೆ ಸೂಪು ಬಂದು ಕೂತಿತ್ತು. ಯಾರ ಪಾತ್ರೆ ಯಾವುದೆಂದು ಬರೆದಿಡಬೇಕಿತ್ತು, ಬರೆದಿಡಲಿಲ್ಲ. ಇವತ್ತಿಗೂ ಎರಡು ಪಾತ್ರೆ ನನ್ನ ಅಡುಗೆಮನೆಯಲ್ಲಿವೆ. ಯಾರೂ ವಾಪಸು ಕೇಳಿಲ್ಲ.

ನಮ್ಮ ಪೋರ್ಟ್‌ಕಾರಿಯಲ್ಲಿ ಹ್ಯಾಲೋವೀನಿಗೆ ಮಕ್ಕಳು ವೇಷ ಹಾಕಿಕೊಂಡು ಬಂದರೆ ಅವರಿಗೆ ಸುಮ್ಮನೆ ಏನೂ ಸಿಗುವುದಿಲ್ಲ. ಹಾಡೋ, ಪದ್ಯವೋ, ಒಂದು ಜೋಕೋ ಒಪ್ಪಿಸಬೇಕು. ಒಪ್ಪಿಸಿದ ಮೇಲೆ ಸೇಬು, ಕಿತ್ತಳೆ, ಸಿಪ್ಪೆ ಸಮೇತದ ಕಡಲೆಕಾಯಿ ತುಂಬಿದ ಒಂದು ಚೀಲ. ಮ್ಯೂಸಿಯಮ್ಮಿನಲ್ಲಿ ಇದನ್ನು ನಡೆಸುತ್ತಿದ್ದವಳು ಯೂನಾ, ಇಪ್ಪತ್ತಾರು ವರ್ಷ. ಅವಳ ಕುರ್ಚಿಯ ಹಿಂದೆ ಒಂದು ಹಲಗೆ: 'ಒಪ್ಪಿಸದವರಿಗೆ ಕಡಲೆಕಾಯಿ ಇಲ್ಲ'. ಒಂದು ವರ್ಷ ಪಾದ್ರಿಯವರು ಮೊಮ್ಮಗನ ಜೊತೆ ಬಂದು ಸಾಲಿನಲ್ಲಿ ನಿಂತಾಗ ಅವರ ಕೈಯಲ್ಲೂ ಹಾಡಿಸಿದ್ದಳು. ಚರ್ಚಿನ ಹಾಡು ಶುರು ಮಾಡಿದರೆ, "ಅದು ನಿಮ್ಮ ಕೆಲಸದ ಹಾಡು, ಬೇರೆ ಹೇಳಿ," ಅಂದಿದ್ದಳಂತೆ.

ಗಿಲಿಯನ್ ಹಲಗೆ ತೆಗೆದಿರಲಿಲ್ಲ. ಆದರೆ ಈ ವರ್ಷದ ಪ್ರಕಟಣೆಯಲ್ಲಿ 'ಬಂದ ಎಲ್ಲ ಮಕ್ಕಳಿಗೂ ಚೀಲ ಉಂಟು' ಎಂದು ಅಚ್ಚಾಗಿತ್ತು. ಹಲಗೆಯ ಮಾತು ನಡೆಯಬೇಕೋ ಪ್ರಕಟಣೆಯ ಮಾತೋ ಎಂದು ಕೇಳೋಣವೆಂದುಕೊಂಡೆ. ಅಷ್ಟರಲ್ಲಿ ಬಾಗಿಲು ತೆರೆಯಿತು.

ನಮ್ಮದು ಹಿಂದೆ ಉಪ್ಪಿನ ಗೋದಾಮಾಗಿದ್ದ ಕಟ್ಟಡ. ಜನ ತುಂಬಿದರೆ ಗೋಡೆಗಳು ಬೆವರುತ್ತವೆ. ಒಂದು ಮೂಲೆಯಲ್ಲಿ ಅಪ್ಪಂದಿರು ದೀಪ ಮಾಡಲು ಹಳೇ ಚಮಚಗಳಿಂದ ಟರ್ನಿಪ್ ಗಡ್ಡೆ ಕೊರೆಯುತ್ತ ಬೈದುಕೊಳ್ಳುತ್ತಿದ್ದರು.

"ಕುಂಬಳಕಾಯಿ ತಂದಿದ್ರೆ ಐದು ನಿಮಿಷದ ಕೆಲಸ ಕಣೋ."

"ಕುಂಬಳಕಾಯಿ ಸೋಮಾರಿಗಳಿಗೆ. ನಿಮ್ಮಪ್ಪ ಕೇಳಿದ್ರೆ ಚಮಚದಲ್ಲೇ ಬಾರಿಸ್ತಿದ್ದ."

"ನಮ್ಮಪ್ಪ ಮೂರು ದಿನ ಕೊರೀತಿದ್ದ. ನಾಲ್ಕನೇ ದಿನ ಕೈಗೆ ಪಟ್ಟಿ ಕಟ್ಕೊಂಡು ಓಡಾಡ್ತಿದ್ದ."

ಇನ್ನೊಂದು ಮೂಲೆಯಲ್ಲಿ ದಾರಕ್ಕೆ ಕಟ್ಟಿದ ಬನ್ನುಗಳು, ಬನ್ನಿನ ಮೇಲೆ ಕಾಕಂಬಿ. ಕೈ ಹಿಂದೆ ಕಟ್ಟಿಕೊಂಡು ಬಾಯಲ್ಲೇ ಕಚ್ಚಬೇಕು. ನನ್ನ ಪಕ್ಕದಲ್ಲೇ ನೀರಿನ ತೊಟ್ಟಿ, ಅದರಲ್ಲಿ ತೇಲುವ ಸೇಬುಗಳು. ಎರಡೂವರೆಯ ಹೊತ್ತಿಗೆ ದೆವ್ವದ ವೇಷದ ಒಬ್ಬ ತಲೆ ಪೂರ್ತಿ ಮುಳುಗಿಸಿ ಎದ್ದ. ಅರ್ಧ ತೊಟ್ಟಿ ನೀರು ನನ್ನ ಶೂಗಳ ಮೇಲೆ ಬಿತ್ತು.

"ಅಯ್ಯೋ ಹೆಕ್ಟರ್, ಕಾಲು ಒದ್ದೆ ಆಯ್ತಲ್ಲ! ಬೇರೆ ಶೂ ತರ್ಲಾ?" ಗಿಲಿಯನ್ ಓಡಿ ಬಂದಳು.

"ಪರವಾಗಿಲ್ಲ. ಏನೂ ಅನ್ನಿಸ್ತಿಲ್ಲ," ಅಂದೆ.

ನಿಜವನ್ನೇ ಹೇಳಿದ್ದೆ. ಕಾಲುಚೀಲ ಒದ್ದೆಯಾಗಿದೆಯೆಂದು ನೋಡಿದರೆ ತಿಳಿಯುತ್ತಿತ್ತು, ಅಷ್ಟೇ.

ಮಕ್ಕಳು ಬಂದರು. ಮಾಟಗಾತಿ ಬಂದು ಹಾಡಿತು. ಮೈಗೆಲ್ಲ ಬಟ್ಟೆಪಟ್ಟಿ ಸುತ್ತಿಕೊಂಡ ಈಜಿಪ್ಟಿನ ಮಮ್ಮಿ ವೇಷದ ಅವಳಿಗಳು ಒಂದೇ ಜೋಕನ್ನು ಎರಡು ಸಲ ಹೇಳಿದರು. ನಾನು ಕೇಳಿದೆ, ತಲೆಯಾಡಿಸಿದೆ, ಚೀಲ ಕೊಟ್ಟೆ. ಯಾವ ಹಾಡು, ಯಾವ ಜೋಕು ಎಂದು ಈಗ ಕೇಳಿದರೆ ಹೇಳಲಾರೆ.

ಮೂರೂಕಾಲಿಗೆ ಒಂದು ಏಡಿ ಬಂತು. ಕೆಂಪು ಸ್ವೆಟರು, ಎರಡು ಕೈಗೂ ಒಲೆಯಿಂದ ಬಿಸಿ ತಟ್ಟೆ ತೆಗೆಯುವ ದಪ್ಪ ಕೆಂಪು ಕೈಗವಸು, ಸೊಂಟದ ಸುತ್ತ ತುಂಬಿದ ಕಾಲುಚೀಲಗಳ ಆರು ಕಾಲುಗಳು. ಬಾಗಿಲಿನಿಂದ ನನ್ನ ಮೇಜಿನವರೆಗೂ ಅಡ್ಡಡ್ಡ ನಡೆದೇ ಬಂತು. ಜನ ನಗುತ್ತ ದಾರಿ ಬಿಟ್ಟರು. ಹಿಂದೆ ನೋರಾ ಕಾವಿ ಇದ್ದಳು. ಕಾರ್ಖಾನೆಯಲ್ಲಿ ನನ್ನ ಎದುರಿನ ಮೇಜಿನಲ್ಲಿ ಮೀನು ಸೀಳುತ್ತಿದ್ದವಳು. ಏಡಿ ಅವಳ ಮೊಮ್ಮಗಳು, ಒಂಬತ್ತು ವರ್ಷದ ಮಿರೆನ್. ಅಮ್ಮ ದೋಣಿಗಳ ಎಂಜಿನ್ ರಿಪೇರಿಗೆ ಉತ್ತರದ ದ್ವೀಪಗಳಿಗೆ ಹೋದಾಗ ಹುಡುಗಿ ಅಜ್ಜಿಯ ಜೊತೆ ಇರುತ್ತಾಳೆ. ಮಾತು ತೊದಲುತ್ತದೆ. ಅದು ಊರಿಗೆಲ್ಲ ಗೊತ್ತು.

ಮಿರೆನ್ ಕೈಗವಸಿನ ಎರಡೂ ಕೊಂಡಿ ಮೇಲೆತ್ತಿ ಶುರು ಮಾಡಿದಳು.

"ಏಡಿ ಮಾವ ಶಾಲೆಗೆ ಹೊರಟ,
ಅಡ್ಡಡ್ಡ ನಡೆದು ಹತ್ತಕ್ಕೆ ಬಂದ,"

ಎರಡು ಸಾಲು ಸರಾಗವಾಗಿ ಬಂತು. ಮೂರನೆಯದು ಬರಲಿಲ್ಲ.

"ಬ... ಬ... ಬ..."

ಕೊಂಡಿಗಳು ಮೇಲೇ ನಿಂತವು. ಹುಡುಗಿಯ ಕತ್ತು ಬಿಗಿಯಿತು. ಬನ್ನು ಕಚ್ಚುತ್ತಿದ್ದವರು ತಿರುಗಿ ನೋಡಿದರು. ಚಮಚಗಳ ಸದ್ದು ನಿಂತಿತು. ಎಷ್ಟು ಹೊತ್ತಾಯಿತೋ ನನಗೆ ಈಗಲೂ ಖಾತ್ರಿಯಿಲ್ಲ. ಹತ್ತು ಎಣಿಸುವಷ್ಟು ಇದ್ದಿರಬಹುದು, ಇಪ್ಪತ್ತೂ ಇದ್ದಿರಬಹುದು. ನನಗೆ ಅವಳನ್ನು ಅಲ್ಲಿಂದ ಬಿಡಿಸಬೇಕು ಅನ್ನಿಸಿತು. ಚೀಲ ತೆಗೆದು ಅವಳ ಕೊಂಡಿಗಳ ನಡುವೆ ಇಟ್ಟೆ.

"ಸಾಕು ಪುಟ್ಟಿ, ಸಾಕು. ತುಂಬಾ ಚೆನ್ನಾಗಿತ್ತು."

ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು, ಬೇರೆ ಯಾವ ಮಗುವಿಗೂ ತಟ್ಟದಷ್ಟು ಜೋರಾಗಿ.

ಮಿರೆನ್ ಚೀಲವನ್ನು ನೋಡಿದಳು. ನನ್ನ ತಲೆಯ ಹಿಂದಿನ ಹಲಗೆಯನ್ನು ನೋಡಿದಳು. ಚೀಲವನ್ನು ಮೇಜಿನ ಮೇಲೆ ವಾಪಸು ಇಟ್ಟಳು. ಅಡ್ಡಡ್ಡ ನಡೆದು ಬಂದವಳು ನೆಟ್ಟಗೆ ನಡೆದು ಹೊರಗೆ ಹೋದಳು.

ಸಾಲಿನಲ್ಲಿ ಮುಂದೆ ಒಬ್ಬ ಕಡಲ್ಗಳ್ಳ ಇದ್ದ. ಅವನು ಒಪ್ಪಿಸಿದ. ಅವನಿಗೆ ಚೀಲ ಕೊಟ್ಟೆ.

ಸ್ವಲ್ಪ ಹೊತ್ತಿಗೆ ನೋರಾ ಒಬ್ಬಳೇ ವಾಪಸು ಬಂದಳು, ಮೇಜಿನ ಮೇಲೆ ಎರಡೂ ಕೈ ಊರಿ ನಿಂತಳು.

"ಏನಯ್ಯಾ ಹೆಕ್ಟರ್, ಎಂಥಾ ಕೆಲಸ ಮಾಡ್ದೆ?"

"ಪಾಪ, ಒದ್ದಾಡ್ತಿದ್ಲಲ್ಲ ನೋರಾ..."

"ಒದ್ದಾಡ್ಲಿ! ಒಂದು ತಿಂಗಳಿಂದ ಒದ್ದಾಡ್ತಿದಾಳೆ. ಸ್ನಾನ ಮಾಡ್ತಾ ಹೇಳ್ತಾಳೆ, ನಾಯಿಗೆ ಹೇಳ್ತಾಳೆ. ನಾಯಿಗೆ ಬಾಯಿಪಾಠ ಆಗಿರ್ಬೇಕು ಅಷ್ಟೊತ್ತಿಗೆ. ಶಾಲೆಲಿ ಅವಳ ಸರದಿ ಬಂದ್ರೆ ಟೀಚರು ಪಕ್ಕದವನನ್ನ ಕೇಳ್ತಾರೆ. ಅಂಗಡಿಲಿ ಅವಳು ಬಾಯಿ ತೆಗೆಯೋಕೆ ಮುಂಚೆ ಸಾಮಾನು ಕೈಗಿಡ್ತಾರೆ. ಮ್ಯೂಸಿಯಮ್ಮಲ್ಲಿ ಹಂಗಿಲ್ಲ ಕಣೇ, ಅಲ್ಲಿ ಒಪ್ಪಿಸದೆ ರಾಜನಿಗೂ ಕೊಡಲ್ಲ ಅಂತ ನಾನೇ ಹೇಳಿ ಕರ್ಕೊಂಡು ಬಂದೆ."

ನಾನು ಮೇಜಿನ ಮೇಲಿದ್ದ ಅವಳ ಚೀಲವನ್ನು ಪಕ್ಕಕ್ಕೆ ಸರಿಸಿದೆ.

"ಯೂನಾ ಆಗಿದ್ರೆ ದೀಪ ಹಚ್ಚೋ ತನಕ ಕಾಯ್ತಿದ್ಲು," ಅಂದಳು ನೋರಾ. ಅಂದಮೇಲೆ ಅವಳ ಮುಖ ಬದಲಾಯಿತು. "ಹೋಗ್ಲಿ ಬಿಡು. ನಿನಗೂ ಕಷ್ಟ ಇದೆ. ಬೇಜಾರು ಮಾಡ್ಕೋಬೇಡ."

ಅವಳೂ ಊರಿನವರ ಹಾಗೇ ಮಾಡಿದಳು. ಬೈಯುವುದನ್ನು ಪೂರ್ತಿ ಬೈಯದೆ ಅರ್ಧಕ್ಕೆ ಬಿಟ್ಟು ಹೋದಳು.

ಐದಕ್ಕೆ ಬಾಗಿಲು ಹಾಕಿದೆವು. ಮೇಜಿನ ಮೇಲೆ ಒಂದೇ ಒಂದು ಚೀಲ ಉಳಿದಿತ್ತು.

"ನಿಮ್ಮದೇನೂ ತಪ್ಪಿಲ್ಲ ಹೆಕ್ಟರ್," ಗಿಲಿಯನ್ ನೆಲ ಒರೆಸುತ್ತ ಅಂದಳು. "ಆ ಜಾಗದಲ್ಲಿ ನಾನಿದ್ರೂ ಅದನ್ನೇ ಮಾಡ್ತಿದ್ದೆ. ಪ್ರಕಟಣೆಲೂ ಹಾಗೇ ಇದೆ. ಚೀಲ ನಾಳೆ ನಾನು ಶಾಲೆಗೆ ತಲುಪಿಸ್ತೀನಿ."

"ಶಾಲೆಗೆ ಬೇಡ."

"ಮತ್ತೆ?"

ಕ್ಷಮೆ ಕೇಳಿ ಒಂದು ಚೀಟಿ ಬರೆಯೋಣವೆಂದುಕೊಂಡೆ. ಮೂರು ಸಲ ಬರೆದೆ, ಮೂರು ಸಲ ಹರಿದೆ. ಚೀಟಿಯ ಜೊತೆ ಚೀಲ ಕಳಿಸಿದರೆ ಮತ್ತೆ ಅದೇ ಆಗುತ್ತದೆ. ಒಪ್ಪಿಸದವಳಿಗೆ ಕೊಟ್ಟ ಹಾಗೇ. ಎರಡನೇ ಸಲ.

ಮಕ್ಕಳ ಮುಖಕ್ಕೆ ಮಸಿ ಹಚ್ಚಲು ತಂದಿದ್ದ ಸುಟ್ಟ ಬಿರಡೆಗಳು ಬುಟ್ಟಿಯಲ್ಲಿದ್ದವು. ಒಂದನ್ನು ತೆಗೆದುಕೊಂಡು ಕನ್ನಡಿಯಿಲ್ಲದೆ ಮುಖಕ್ಕೆಲ್ಲ ಬಳಿದುಕೊಂಡೆ. ಕೋಟನ್ನು ಒಳಗಿನದು ಹೊರಗಾಗುವಂತೆ ತಿರುಗಿಸಿ ಹಾಕಿಕೊಂಡೆ. ಚೀಲ ಜೇಬಿನಲ್ಲಿಟ್ಟುಕೊಂಡೆ.

ಗಿಲಿಯನ್ ಒರೆಸುವ ಕೋಲು ಹಿಡಿದು ನಿಂತೇ ಇದ್ದಳು. "ಹೆಕ್ಟರ್? ಎಲ್ಲಿಗೆ?"

"ಮನೆ ಮನೆ ಸುತ್ತೋಕೆ."

"ನಾನು ಜೊತೆಗೆ ಬರ್ಲಾ?"

"ಬೇಡ."

ಬಂದರಿನ ರಸ್ತೆಯಲ್ಲಿ ಕತ್ತಲಾಗಿತ್ತು. ಕಿಟಕಿಗಳಲ್ಲಿ ಟರ್ನಿಪ್ ದೀಪಗಳು. ಮೇಣದಬತ್ತಿಯ ಶಾಖಕ್ಕೆ ಗಡ್ಡೆಯ ಮುಚ್ಚಳ ಸುಟ್ಟ ವಾಸನೆ. ಅರವತ್ತೆರಡರ ಗಂಡಸು ವೇಷ ಹಾಕಿಕೊಂಡು ಒಬ್ಬನೇ ನಡೆಯುತ್ತಿದ್ದರೆ ಜನ ಏನಂದುಕೊಳ್ಳುತ್ತಾರೆ? ಎರಡು ಸಲ ತಿರುಗಿ ಹೋಗೋಣವೆಂದುಕೊಂಡೆ. ಎದುರಿಗೆ ಬಂದ ಮಕ್ಕಳ ಗುಂಪಿನಲ್ಲಿ ಒಬ್ಬಳು, "ಏ, ಈ ದೆವ್ವಕ್ಕೆ ವಯಸ್ಸಾಗಿದೆ ಕಣ್ರೇ," ಅಂದಳು. ನಾನು ದಾರಿ ಬಿಟ್ಟುಕೊಟ್ಟೆ.

ನೋರಾಳ ಮನೆ ಬಂದರಿನ ಕೊನೆಯಲ್ಲಿ. ಬಾಗಿಲು ಬಡಿದೆ. ಒಳಗೆ ನಾಯಿ ಬೊಗಳಿತು. ನೋರಾ ಬಾಗಿಲು ತೆಗೆದು, ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಗುರುತು ಸಿಕ್ಕಿತು. ಸಿಕ್ಕಿಲ್ಲ ಅನ್ನುವ ಹಾಗೆ ನಟಿಸುವುದು ನಮ್ಮಲ್ಲಿ ಪದ್ಧತಿ.

"ಯಾರಪ್ಪ ಇದು? ಮೀನಿನ ವಾಸನೆ ಬರ್ತಿದೆ."

"ವೇಷದವನು," ಅಂದೆ.

"ಮಿರೆನ್! ಬಾ ಇಲ್ಲಿ. ವೇಷದವರು ಬಂದಿದಾರೆ."

ಮಿರೆನ್ ಒಳಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಒಂದೇ ಕೊಂಡಿ ಹಾಕಿಕೊಂಡಿದ್ದಳು. ಎದ್ದು ಬರಲಿಲ್ಲ. ಅಲ್ಲಿಂದಲೇ ನನ್ನನ್ನು ನೋಡಿದಳು. ನಗಲಿಲ್ಲ.

"ಒ... ಒಪ್ಪಿಸಬೇಕು," ಅಂದಳು.

"ಗೊತ್ತು."

ನಾನು ಯೋಚಿಸಿಕೊಂಡು ಬಂದಿದ್ದು ಯೂನಾಳ ಜೋಕು. ಪ್ರತಿವರ್ಷ ಮಕ್ಕಳು ಶುರು ಮಾಡುವ ಮೊದಲು ಅವಳೇ ಒಂದು ಒಪ್ಪಿಸುತ್ತಿದ್ದಳು, ಯಾವಾಗಲೂ ಅದೇ. ಕಾರ್ಖಾನೆಯಲ್ಲಿದ್ದ ವರ್ಷಗಳಲ್ಲೂ ಆ ದಿನ ರಜೆ ಹಾಕಿ ಬರುತ್ತಿದ್ದ ನಾನು ಆಗ ಗೋಡೆಯ ಆಚೆ ಉಗ್ರಾಣದಲ್ಲಿ ದಾರ ಕತ್ತರಿಸುತ್ತಿರುತ್ತಿದ್ದೆ.

"ನಮ್ಮ ಚರ್ಚಿನ ಪಾದ್ರಿ," ಅಂತ ಶುರು ಮಾಡಿದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು. "ಪ್ರತಿ ಭಾನುವಾರ ಪ್ರವಚನ ಮಾಡುವಾಗ ಕಿಟಕಿ ಮೇಲೆ ಒಂದು ಕಡಲ ಹಕ್ಕಿ ಬಂದು ಕೂರ್ತಿತ್ತು. ಅಲ್ಲಾಡದೆ ಕೇಳ್ತಿತ್ತು. ಒಂದಿನ ಪಾದ್ರಿ ಅದನ್ನ ಕೇಳಿದ್ರು: ಏನಪ್ಪಾ, ಊರಲ್ಲಿ ಇಷ್ಟು ಜನ ಇದಾರೆ, ನಿನ್ನಷ್ಟು ಭಕ್ತಿ ಯಾರಿಗೂ ಇಲ್ಲ. ನನ್ನ ಪ್ರವಚನದಲ್ಲಿ ನಿನಗೆ ಏನು ಅಷ್ಟು ಇಷ್ಟ?"

ಅಲ್ಲಿಗೆ ನಿಂತಿತು. ಮುಂದಿನದು ಇಲ್ಲ.

ಕಡಲ ಹಕ್ಕಿ ಏನೋ ಹೇಳುತ್ತಿತ್ತು. ಯೂನಾ ಅದನ್ನು ಕಿರುಚಲು ದನಿಯಲ್ಲಿ ಹೇಳುತ್ತಿದ್ದಳು. ದನಿ ನೆನಪಿತ್ತು, ಮಾತು ನೆನಪಿರಲಿಲ್ಲ. ಗೋಡೆಯಾಚೆಯಿಂದ ಇಪ್ಪತ್ತಾರು ವರ್ಷವೂ ನನಗೆ ಕೇಳಿಸಿದ್ದು ಆ ಮಾತು ಮುಗಿಯುವ ಮೊದಲೇ ಶುರುವಾಗುತ್ತಿದ್ದ ನಗು.

ಬಾಯಿ ತೆಗೆದೆ. ಮುಚ್ಚಿದೆ. ನಾಯಿ ಕುಳಿತುಕೊಂಡಿತು.

"ಅದೇ ಹೆಕ್ಟರ್, ಕಡಲ ಹಕ್ಕಿ ಏನಂತು ಅಂದ್ರೆ..." ನೋರಾ ಶುರು ಮಾಡಿದಳು.

"ಅಜ್ಜಿ," ಅಂದಳು ಮಿರೆನ್. "ಹೇಳ್ಕೊ... ಹೇಳ್ಕೊಡಬೇಡ."

ನೋರಾ ಬಾಯಿ ಮುಚ್ಚಿದಳು.

ನಾನು ನಿಂತೆ. ಹಿಂದಿನಿಂದ ಗಾಳಿ ಬೀಸುತ್ತಿತ್ತು. ರಸ್ತೆಯಲ್ಲಿ ಮಕ್ಕಳ ಇನ್ನೊಂದು ಗುಂಪು ಹೋಯಿತು. ಹುಡುಗಿ ಮೆಟ್ಟಿಲ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಕನಿಕರ ಇರಲಿಲ್ಲ, ಅವಸರವೂ ಇರಲಿಲ್ಲ. ಪ್ರವಚನ, ಅಂತ ನನ್ನೊಳಗೆ ಹೇಳಿಕೊಂಡೆ. ಉದ್ದದ ಪ್ರವಚನ. ಉದ್ದವಾದರೆ ಏನಾಗುತ್ತದೆ? ಮಧ್ಯಾಹ್ನವಾಗುತ್ತದೆ. ಆಗ ಬಂತು.

"ಉದ್ದ ಇರುತ್ತಲ್ಲ ಸ್ವಾಮಿ, ಅದು ಇಷ್ಟ," ಅಂದೆ. "ಮುಗಿಯೋ ಹೊತ್ತಿಗೆ ಎಲ್ಲರಿಗೂ ಹಸಿವಾಗಿರುತ್ತೆ. ಹೊರಗೆ ಬಂದು ಎಲ್ಲರೂ ಚಿಪ್ಸ್ ಕೊಳ್ತಾರೆ. ನನಗೂ ಸಿಗುತ್ತೆ."

ಕಿರುಚಲು ದನಿ ಮಾಡಲು ನನಗೆ ಆಗಲಿಲ್ಲ. ಯಾರೂ ನಗಲಿಲ್ಲ.

"ಇ... ಇಷ್ಟೇನಾ?" ಮಿರೆನ್ ಕೇಳಿದಳು.

"ಇಷ್ಟೇ."

"ಅಷ್ಟೇನೂ ಚೆನ್ನಾಗಿಲ್ಲ."

"ಇಲ್ಲ," ಅಂದೆ.

ಅವಳು ಎದ್ದು ಬಂದು ಬಾಗಿಲ ಪಕ್ಕದ ಬೋಗುಣಿಯಿಂದ ಒಂದು ಕಡಲೆಕಾಯಿ ತೆಗೆದು ನನ್ನ ಅಂಗೈಗೆ ಇಟ್ಟಳು. ಒಂದೇ ಒಂದು. ನೋರಾ, "ಏ, ಇನ್ನೂ ಕೊಡೇ, ಜಿಪುಣಿ," ಅಂದಳು. ಮಿರೆನ್ ಇಲ್ಲವೆಂದು ತಲೆಯಾಡಿಸಿದಳು.

ನಾನು ಜೇಬಿನಿಂದ ಚೀಲ ತೆಗೆದು ಹೊಸ್ತಿಲ ಮೇಲೆ ಇಟ್ಟೆ. ಅವಳ ಕೈಗೆ ಕೊಡಲಿಲ್ಲ.

"ಇದು ಮ್ಯೂಸಿಯಮ್ಮಿಂದು," ಅಂದೆ. "ಇನ್ನೂ ಯಾರದೂ ಅಲ್ಲ. ಏಡಿ ಮಾವ ಹತ್ತಕ್ಕೆ ಬಂದ. ಆಮೇಲೆ ಏನಾಯ್ತು ಅಂತ ನನಗೆ ಗೊತ್ತಿಲ್ಲ."

ಮಿರೆನ್ ಸ್ವಲ್ಪ ಹೊತ್ತು ಚೀಲವನ್ನು ನೋಡಿದಳು. ಒಳಗೆ ಹೋದಳು. ಮುನಿಸಿಕೊಂಡು ಹೋದಳೆಂದುಕೊಂಡೆ, ತಪ್ಪಿನ ಮೇಲೆ ತಪ್ಪು ಮಾಡಿದೆ ಅನ್ನಿಸಿತು. ಎರಡನೇ ಕೊಂಡಿಯನ್ನೂ ಹಾಕಿಕೊಂಡು ವಾಪಸು ಬಂದಳು. ಕೈ ಎತ್ತಿದಳು. ಮೊದಲಿನಿಂದ ಶುರು ಮಾಡಿದಳು.

"ಏಡಿ ಮಾವ ಶಾಲೆಗೆ ಹೊರಟ,
ಅಡ್ಡಡ್ಡ ನಡೆದು ಹತ್ತಕ್ಕೆ ಬಂದ,
ಬ... ಬ..."

ಅದೇ ಜಾಗ. ಕತ್ತು ಬಿಗಿಯಿತು, ಕಣ್ಣು ಮುಚ್ಚಿಕೊಂಡಳು. ನೋರಾ ಏಪ್ರನ್ನಿನ ಅಂಚನ್ನು ಹಿಡಿದುಕೊಂಡಳು. ನನ್ನ ಕೈ ಚೀಲದ ಕಡೆ ಹೋಗಲಿಲ್ಲ. ಅಂಗೈಯಲ್ಲಿ ಕಡಲೆಕಾಯಿ ಹಿಡಿದು ನಿಂತಿದ್ದೆ. "ಬ..." ಅಂದಳು, ಉಸಿರು ಬಿಟ್ಟಳು, ಮತ್ತೆ "ಬ..." ಅಂದಳು. ಎಷ್ಟು ಹೊತ್ತಾಯಿತೋ ಈ ಸಲವೂ ಹೇಳಲಾರೆ. ಕಿಟಕಿಯ ಟರ್ನಿಪ್ಪಿನೊಳಗಿನ ಮೇಣದ ಬತ್ತಿ ಒಮ್ಮೆ ಕುಗ್ಗಿ ಮತ್ತೆ ಎದ್ದಿತು.

"ಬಾ ಅಂದ್ರು ಟೀಚರು, ಬಾಗಿಲಿಗೆ ಹೋದ,
ಹೋಗು ಅಂದ್ರು ಟೀಚರು, ಬೆಂಚಿಗೆ ಬಂದ,
ನೆಟ್ಟಗೆ ನಡೆಯೋ ಅಂತ ಗದರಿದ್ರು ಜೋರು,
ಕಾ... ಕಾಲ್ಬೆರಳು ಹಿಡಿದು ಚಿವುಟಿದ ಚೂರು,
ಅವತ್ತಿಂದ ಅಡ್ಡಡ್ಡ ನಡೀತಾರೆ ಟೀಚರು."

ಕೊನೆಯ ಸಾಲು ಹೇಳುತ್ತ ಅವಳು ಟೀಚರ ಹಾಗೆ ಕುಂಟುತ್ತ ಬಾಗಿಲ ಈ ಕಡೆಯಿಂದ ಆ ಕಡೆಗೆ ಅಡ್ಡ ನಡೆದು ತೋರಿಸಿದಳು. ನೋರಾ ನಕ್ಕಳು. ನಾನು ನಗಲಿಲ್ಲ, ನಗುವುದಕ್ಕೆ ಏನೋ ಇನ್ನೂ ಅಡ್ಡವಿತ್ತು. ಚಪ್ಪಾಳೆಯನ್ನೂ ತಟ್ಟಲಿಲ್ಲ. ಬಗ್ಗಿ ಚೀಲ ಎತ್ತಿ ಅವಳ ಕೊಂಡಿಗಳ ನಡುವೆ ಇಟ್ಟೆ.

"ಈಗ ನಿಂದು," ಅಂದೆ.

ಅವಳು ಅದನ್ನು ಎದೆಗೊತ್ತಿಕೊಂಡು, "ಮುಂ... ಮುಂದಿನ ವರ್ಷ ನೀವು ಬೇರೆ ಜೋಕು ಕಲ್ತ್ಕೊಳ್ಳಿ ಮಿಸ್ಟರ್ ಫ್ಲೆಟ್," ಅಂದಳು.

"ನೋಡ್ತೀನಿ."

"ನೋ... ನೋಡೋದಲ್ಲ. ಕಲ್ತ್ಕೊಳ್ಳಿ."

"ಸರಿ," ಅಂದೆ.

ನೋರಾ ಬಾಗಿಲನ್ನು ಅರ್ಧ ಮುಚ್ಚಿದವಳು ಮತ್ತೆ ತೆರೆದಳು. "ಹೆಕ್ಟರ್, ಇನ್ನೊಂದು. ಮಾರ್ಚಿಯಲ್ಲಿ ಸೂಪು ಕೊಟ್ಟಿದ್ನಲ್ಲ, ನೀಲಿ ಹಿಡಿಯ ಪಾತ್ರೆ. ಅದು ನಂದು. ವಾಪಸು ಕೊಡು. ನಾಳೆನೇ."

"ನಾಳೆ ತರ್ತೀನಿ."

"ತೊಳೆದು ತಾ."

ಬಾಗಿಲು ಮುಚ್ಚಿತು. ಬಂದರಿನ ರಸ್ತೆಯಲ್ಲಿ ಮನೆಯ ಕಡೆ ನಡೆದೆ. ಅರ್ಧ ದಾರಿಗೆ ಬಂದಾಗ ನಿಲ್ಲಬೇಕಾಯಿತು. ಎರಡೂವರೆಯಿಂದ ಒದ್ದೆಯಾಗಿದ್ದ ಶೂಗಳೊಳಗೆ ಪಾದಗಳನ್ನು ಚಳಿ ಕೊರೆಯುತ್ತಿತ್ತು, ಬೆರಳುಗಳು ನೋಯುತ್ತಿದ್ದವು. ಗೋಡೆಗೆ ಒರಗಿ ನಿಂತು ಕಡಲೆಕಾಯಿಯ ಸಿಪ್ಪೆ ಒಡೆದೆ. ಒಳಗೆ ಎರಡು ಬೀಜಗಳಿದ್ದವು. ತಿಂದು, ಚಳಿಗೆ ಬೇಗ ಬೇಗ ಹೆಜ್ಜೆ ಹಾಕಿದೆ.